ಕೆಳಮುಖವಾಗಿ ಕಟ್ಟಿದ ಊರು

ವಿಧಾನಸೌಧ ಕಟ್ಟಿದ್ದು ಯಾರು ಅಂದರೆ ಕೆಂಗಲ್ ಹನುಮಂತಯ್ಯ ಎನ್ನುತ್ತೇವೆ. ಸ್ವಲ್ಪ ಓದಿಕೊಂಡವರು ಅದರ ವಾಸ್ತುಶಿಲ್ಪಿ ಬಿ.ಆರ್. ಮಾಣಿಕಂ ಅವರ ಹೆಸರನ್ನೂ ಸೇರಿಸುತ್ತಾರೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಎಂಬುದು ಮಾತ್ರ ಬಂಗಾರಪೇಟೆ ಕಡೆಯವರಿಗಷ್ಟೇ ನೆನಪು. ಹಾಗಾದರೆ ಅದೇ ಸೀಮೆಯ ಚಿನ್ನದ ಗಣಿಯ ಊರು ಕೆಜಿಎಫ್ ಕಟ್ಟಿದ್ದು ಯಾರು? ‘ಬ್ರಿಟಿಷರು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇನ್ನೂ ಕೆದಕಿದರೆ ಸಿಗುವುದು ವಾಸ್ತುಶಿಲ್ಪಿಯ ಹೆಸರಲ್ಲ, ಒಂದು ಕಂಪನಿಯ ಬೋರ್ಡು: ಜಾನ್ ಟೇಲರ್ ಅಂಡ್ ಸನ್ಸ್.

ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬಂದ ಲವೆಲ್ ಎಂಬ ಐರಿಷ್ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಹಕ್ಕು ಪಡೆದ. ಕೈಯಲ್ಲಿ ದುಡ್ಡಿರಲಿಲ್ಲ. 1880ರಲ್ಲಿ ಲಂಡನ್ನಿನ ಟೇಲರ್ ಕಂಪನಿ ಬಂತು. 1956ರಲ್ಲಿ ಗಣಿಗಳು ರಾಷ್ಟ್ರೀಕರಣವಾಗುವವರೆಗೆ ಅದರದ್ದೇ ಯಜಮಾನಿಕೆ. 76 ವರ್ಷಗಳ ಈ ಅವಧಿಯನ್ನು ಒಬ್ಬ ವಾಸ್ತುಶಿಲ್ಪಿಯ ವೃತ್ತಿಬದುಕು ಎಂದುಕೊಂಡು ನೋಡಿದರೆ, ಇಡೀ ಕರ್ನಾಟಕದಲ್ಲಿ ಇಷ್ಟು ಕಟ್ಟಿದವರು ಇನ್ನೊಬ್ಬರು ಇರಲಿಕ್ಕಿಲ್ಲ.

ನೆಲದ ಮೇಲಿನ ಕೆಲಸ ನಮಗೆ ಗೊತ್ತಿರುವುದೇ. 1894ರ ಹೊತ್ತಿಗೆ ಆಗಿನ ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಗಣಿಗೆ ತಲುಪಿತು. ಬೆಂಗಳೂರು ಬೆಳಕು ಕಂಡದ್ದು ಅದಾದ ಮೂರು ವರ್ಷಕ್ಕೆ. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ಆಸ್ಪತ್ರೆ, ಕ್ಲಬ್ಬು, ಚರ್ಚು, ಗಾಲ್ಫ್ ಮೈದಾನ ಸೇರಿ ‘ಲಿಟಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರೂ ಬಿತ್ತು. ಆ ಹೆಸರನ್ನು ಈಗಲೂ ಹೆಮ್ಮೆಯಿಂದ ಹೇಳುವವರಿದ್ದಾರೆ. ಹೇಳುವಾಗ ಕಾರ್ಮಿಕರ ಲೈನುಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅಷ್ಟೆ. ಸಾಹೇಬರಿಗೆ ತೋಟದ ನಡುವೆ ಬಂಗಲೆ. ಉತ್ತರ ಆರ್ಕಾಟಿನಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬಂದ ಕೂಲಿಕಾರರಿಗೆ ಬಿದಿರು ತಟ್ಟಿಯ ಒಂಟಿ ಕೋಣೆ. ಸಂಬಳದ ಪಟ್ಟಿಯಲ್ಲಿ ಯಾರು ಎಲ್ಲಿದ್ದಾರೆ ಎಂಬುದನ್ನು ಊರಿನ ನಕ್ಷೆ ನೋಡಿಯೇ ಹೇಳಬಹುದಿತ್ತು.

ಗಣಿಯ ಗುರುತಾಗಿ ದೂರದಿಂದ ಕಾಣುವುದು ಶಾಫ್ಟುಗಳ, ಅಂದರೆ ಗಣಿಗೆ ಇಳಿಯುವ ಬಾವಿಗಳ ಮೇಲಿನ ಹೆಡ್‌ಗೇರ್. ಉಕ್ಕಿನ ಎತ್ತರದ ಚೌಕಟ್ಟು, ತುದಿಯಲ್ಲಿ ದೊಡ್ಡ ಗಾಲಿ. ಸ್ವಲ್ಪ ದೂರದ ವೈಂಡರ್, ಅಂದರೆ ಹಗ್ಗ ಸುತ್ತುವ ಯಂತ್ರದ ಮನೆಯಿಂದ ಉಕ್ಕಿನ ಹಗ್ಗ ಓರೆಯಾಗಿ ಮೇಲೇರಿ, ಗಾಲಿ ಬಳಸಿ, ನೆಟ್ಟಗೆ ಬಾವಿಯೊಳಕ್ಕೆ ಇಳಿಯುತ್ತದೆ. ಹಗ್ಗದ ಒಂದೆಳೆ ಕೆಳಕ್ಕೆ ಜಗ್ಗಿದರೆ ಇನ್ನೊಂದೆಳೆ ಯಂತ್ರದ ಕಡೆಗೆ ಜಗ್ಗುತ್ತದೆ. ಚೌಕಟ್ಟು ಆ ಕಡೆ ಮಗುಚಬಾರದೆಂದು ಹಿಂದಿನ ಎರಡು ಕಾಲುಗಳನ್ನು ಅತ್ತ ಚಾಚಿ ನಿಲ್ಲಿಸುತ್ತಾರೆ. ಹೀಗಾಗಿ ಯಂತ್ರದ ಮನೆ ಕುಸಿದು ಹೋಗಿದ್ದರೂ ಕಾಲು ಚಾಚಿದ ದಿಕ್ಕು ನೋಡಿ ಅದು ಎಲ್ಲಿತ್ತೆಂದು ಹೇಳಬಹುದು. ಅಲಂಕಾರಕ್ಕೆಂದು ಒಂದು ಮೊಳೆಯೂ ಇಲ್ಲ. ನನ್ನ ಕಣ್ಣಿಗೆ ಕ್ಲಬ್ಬಿನ ಕಟ್ಟಡಕ್ಕಿಂತ ಇದೇ ಚೆಂದ.

ಇಷ್ಟಾದರೂ ಇದು ಬಾಗಿಲು ಮಾತ್ರ, ಮನೆ ಇರುವುದು ಕೆಳಗೆ. ಮೊದಮೊದಲ ಶಾಫ್ಟುಗಳು ಚಿನ್ನದ ಎಳೆಯ ಜಾಡು ಹಿಡಿದು ಅದು ಓರೆಯಾದಲ್ಲಿ ತಾವೂ ಓರೆಯಾಗಿ ಇಳಿದವು. ಆಳ ಹೆಚ್ಚಿದಂತೆ ಅದು ಸಾಗಲಿಲ್ಲ; ನೆಟ್ಟಗಿನ ದುಂಡು ಶಾಫ್ಟುಗಳು ಬಂದವು. ಸುತ್ತಲಿನ ಬಂಡೆಯ ಒತ್ತಡ ಚೌಕಾಕಾರದ ಬಾವಿಯಲ್ಲಿ ಮೂಲೆಗಳನ್ನು ಹಿಡಿದು ಸೀಳುತ್ತದೆ, ದುಂಡಗಿದ್ದರೆ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಚಾಂಪಿಯನ್ ರೀಫ್ಸ್ ಗಣಿಯ ಗಿಫರ್ಡ್ ಶಾಫ್ಟ್ ಒಂದೇ ಇಳಿತದಲ್ಲಿ ಸುಮಾರು 2 ಕಿ.ಮೀ. ಹೋಗುತ್ತದೆ. ಆ ಗಣಿಯ ಒಟ್ಟು ಆಳ 3 ಕಿ.ಮೀ. ದಾಟಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ಮೇಲಿನಿಂದ ತಂಪು ಗಾಳಿ ಊದಬೇಕಾಗಿತ್ತು.

ಚಿನ್ನದ ಕಲ್ಲು ತೆಗೆದ ಜಾಗ ಟೊಳ್ಳಾಗಿ ಉಳಿಯುತ್ತದೆ. ಮೇಲಿನ ಬಂಡೆ ಅದನ್ನು ಮುಚ್ಚಲು ಹೊಂಚು ಹಾಕಿರುತ್ತದೆ. ಒಮ್ಮೆಗೇ ಸಿಡಿದರೆ ಅದು ರಾಕ್ ಬರ್ಸ್ಟ್. ಹಳೆಯ ಗಣಿಯವರ ಬಾಯಲ್ಲಿ ‘ಏರ್ ಬ್ಲಾಸ್ಟ್’. ದೊಡ್ಡ ಸಿಡಿತಕ್ಕೆ ನೆಲದ ಮೇಲಿನ ಮನೆಗಳೂ ಬಿರುಕು ಬಿಡುತ್ತಿದ್ದವು. ಮರದ ಆಸರೆ ಈ ಭಾರಕ್ಕೆ ಹಪ್ಪಳವಾಗುತ್ತಿತ್ತು. ಅದಕ್ಕೇ ಕಗ್ಗಲ್ಲನ್ನು ಮೇಲೆ ಕಡಿದು, ಕೆಳಕ್ಕಿಳಿಸಿ, ಟೊಳ್ಳಿನ ತುಂಬ ಗೋಡೆ ಕಟ್ಟತೊಡಗಿದರು. ಕಲ್ಲಿನ ಮೇಲೆ ಕಲ್ಲು ಪೂರ್ತಿ ಕೂರಬೇಕು. ಒಂದು ಕಡೆ ಸಂದು ಬಿಟ್ಟರೆ ಭಾರವೆಲ್ಲ ಉಳಿದರ್ಧಕ್ಕೆ ಬಿದ್ದು ಕಲ್ಲೇ ಒಡೆಯುತ್ತದೆ. ದೇವಸ್ಥಾನ ಕಟ್ಟುವವರ ಕಸುಬನ್ನು ಇಲ್ಲಿ ಟೋಪಿಗೆ ದೀಪ ಸಿಕ್ಕಿಸಿಕೊಂಡವರು ಸೆಖೆಯಲ್ಲಿ ಮಾಡಿದರು. ಸಾವಿರ ಕಿ.ಮೀ.ಗೂ ಮೀರಿದ ಸುರಂಗಗಳ ಈ ಗಣಿಯಿಂದ 120 ವರ್ಷಗಳಲ್ಲಿ ಹೊರಬಂದ ಚಿನ್ನ 800 ಟನ್ನಿಗೂ ಹೆಚ್ಚು. ಅದಕ್ಕೆ ಬದಲಾಗಿ ಒಳಗಿಟ್ಟ ಕಲ್ಲುಕಟ್ಟಡವನ್ನು ವಿಧಾನಸೌಧದ ಹಾಗೆ ಎದುರು ನಿಂತು ನೋಡಲು ಯಾರಿಗೂ ಆಗುವುದಿಲ್ಲ. ಕಂಪನಿಗೆ ಗಟ್ಟಿ ಗೋಡೆ ಕಟ್ಟಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಚಿನ್ನ ತೆಗೆದ ಟೊಳ್ಳಿಗೆ ಕಗ್ಗಲ್ಲು, ತೆಗೆದವರ ಮನೆಗೆ ತಟ್ಟಿ: ಯಾವುದು ಎಲ್ಲಿಗೆ ಸಾಕು ಎಂದು ಅದು ಲೆಕ್ಕ ಹಾಕಿಯೇ ನಿರ್ಧರಿಸಿತ್ತು.

ಈ ಆಳ ಚಿನ್ನಕ್ಕಲ್ಲದೆ ಇನ್ನೊಂದಕ್ಕೂ ಒದಗಿತು. ಮೇಲೆ 2 ಕಿ.ಮೀ.ಗೂ ಹೆಚ್ಚು ದಪ್ಪದ ಬಂಡೆಯಿದ್ದರೆ ಬಾಹ್ಯಾಕಾಶದಿಂದ ಸುರಿಯುವ ಕಣಗಳೆಲ್ಲ ಬಹುಪಾಲು ಸೋಸಿಹೋಗಿ, ಬಂಡೆಯನ್ನೂ ತೂರಿಹೋಗುವ ನ್ಯೂಟ್ರಿನೊ ಎಂಬ ಕಣಗಳನ್ನು ಗುರುತಿಸುವುದು ಸಾಧ್ಯವಾಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದದ್ದು ಇಲ್ಲೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ಮೇಲುಳಿದದ್ದು ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ರಾಶಿಗಳು, ಅಂದರೆ ಸೈನೈಡ್ ಗುಡ್ಡಗಳು. ‘ಕೆಜಿಎಫ್’ ಸಿನಿಮಾದವರು ಅವನ್ನು ದೇಶಕ್ಕೆಲ್ಲ ತೋರಿಸಿದರು. ಹೊರಗಿನಿಂದ ಬಂದವರು ಈಗ ಸಿನಿಮಾದ ಊರನ್ನೇ ಹುಡುಕುತ್ತಾರೆ. 2024ರಲ್ಲಿ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಗುಡ್ಡಗಳಿಗೆ ಹೀಗೆ ಗಿರಾಕಿಗಳಿದ್ದಾರೆ, ಹೆಡ್‌ಗೇರುಗಳಿಗೆ ಇಲ್ಲ. ಹಳೆಯ ಉಕ್ಕು ಗುಜರಿಯ ತೂಕಕ್ಕೆ ಹೋಗುವ ಮುಂಚೆ ಒಂದೆರಡನ್ನಾದರೂ ಸ್ಮಾರಕವಾಗಿ ಉಳಿಸಬೇಕು.

ನೋಡುವ ಮನಸ್ಸಿದ್ದರೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಬೆಳಗ್ಗೆ ಬೆಂಗಳೂರಿನ ಕಡೆಯ ರೈಲು ದುಡಿಯಲು ಹೋಗುವವರಿಂದ ತುಂಬಿರುತ್ತದೆ, ಎದುರು ದಿಕ್ಕಿನಲ್ಲಿ ಸೀಟು ಸಲೀಸು. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಗಣಿಯ ಆವರಣಕ್ಕೆ ಅನುಮತಿಯಿಲ್ಲದೆ ಬಿಡುವುದಿಲ್ಲ. ಮುರಿದ ಬೇಲಿ ಕಂಡಿತೆಂದು ನುಗ್ಗಬೇಡಿ, ಹಳೆಯ ಶಾಫ್ಟುಗಳ ಬಾಯಿ ನಂಬುವಂಥದ್ದಲ್ಲ. ಸಮಯ ಉಳಿದರೆ ಹತ್ತಿರದ ಕಮ್ಮಸಂದ್ರಕ್ಕೆ ಹೋಗಿ, ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗವಿದೆ. ಆ ಸೀಮೆಯವರು ಮೇಲ್ಮುಖವಾಗಿಯೂ ಕಟ್ಟಬಲ್ಲರು.