ಮಾಲು ಹಸನಾದರೆ ಸಾಲದು, ಕೊಳ್ಳುವವನು ನಂಬಬೇಕು

ರಾಗಿ ಮಾರಲು ಪೇಟೆಗೆ ಹೋದ ಎಲ್ಲರೂ ಹೇಳುವ ಮಾತು ಒಂದೇ: "ನನ್ನ ಮಾಲು ಹಸನಾದದ್ದು." ತೂರಿ ಹಸನು ಮಾಡಿದವರೂ ಹಾಗೆ ಹೇಳುತ್ತಾರೆ, ಮಣ್ಣು ಬೆರೆಸಿದವರೂ ಹಾಗೆಯೇ ಹೇಳುತ್ತಾರೆ. ಮಾತಿಗೆ ಖರ್ಚಿಲ್ಲ, ಆದ್ದರಿಂದ ಕೊಳ್ಳುವವನು ಅದನ್ನು ನಂಬುವುದಿಲ್ಲ.

ಇದರ ನಷ್ಟವನ್ನು ಲೆಕ್ಕ ಹಾಕಿ ನೋಡೋಣ. ಹತ್ತು ಮಂದಿ ರಾಗಿ ತಂದಿದ್ದಾರೆಂದು ಊಹಿಸಿ. ಐವರ ಹಸನಾದ ರಾಗಿಯ ಯೋಗ್ಯ ಬೆಲೆ ಕ್ವಿಂಟಾಲಿಗೆ 4,000 ರೂಪಾಯಿ. ಉಳಿದ ಐವರ ಕಲ್ಲು ಮಣ್ಣು ಕೂಡಿದ ರಾಗಿಯದು 3,000. ಯಾವುದು ಯಾರದೆಂದು ತಿಳಿಯದ ವ್ಯಾಪಾರಿ ಸರಾಸರಿ 3,500 ಕೂಗುತ್ತಾನೆ. ಹಸನು ಮಾಡಿದವರಿಗೆ 500 ನಷ್ಟ, ಬೆರೆಸಿದವರಿಗೆ 500 ಲಾಭ. ಮುಂದಿನ ಸುಗ್ಗಿಗೆ ಒಳ್ಳೆಯ ಮಾಲಿನವರು ಆ ಪೇಟೆಗೆ ಬರುವುದಿಲ್ಲ, ಇಲ್ಲವೇ ಹಸನು ಮಾಡುವುದನ್ನೇ ಬಿಡುತ್ತಾರೆ. ಆಗ ಧಾರಣೆ 3,000ಕ್ಕೆ ಇಳಿಯುತ್ತದೆ. ಬೆರೆಸಿದವರ ಲಾಭವೂ ಉಳಿಯುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟದ ಉದಾಹರಣೆಯಿಂದ ಇದೇ ತತ್ವವನ್ನು ವಿವರಿಸಿದರು. ನಮ್ಮ ಗೃಹಿಣಿಯರು ಅಕ್ಕಿಯಲ್ಲಿ ಬೆರೆಸಿದ ಕಲ್ಲು ಆರಿಸುವುದನ್ನೂ ಆ ಲೇಖನದಲ್ಲಿ ಪ್ರಸ್ತಾಪಿಸಿದ್ದಾರೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಪರಿಹಾರದ ದಾರಿ ತೋರಿಸಿದರು: ಪ್ರಾಮಾಣಿಕನಿಗೆ ಸುಲಭವಾಗಿ, ಮೋಸಗಾರನಿಗೆ ದುಬಾರಿಯಾಗುವ ಗುರುತನ್ನು ಜನ ನಂಬುತ್ತಾರೆ. ಈ ಇಬ್ಬರಿಗೂ ಜೋಸೆಫ್ ಸ್ಟಿಗ್ಲಿಟ್ಸ್ ಅವರಿಗೂ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅಂಥ ಗುರುತು ಕೊಡುವುದು ಹೇಗೆ?

1. ಕಾಳನ್ನು ತೂರಿ, ಜರಡಿ ಹಿಡಿದು, ಚೆನ್ನಾಗಿ ಒಣಗಿಸಿ. ಒಂದು ಚೀಲಕ್ಕೆ ಒಂದೇ ತಳಿಯನ್ನು ತುಂಬಿ.

2. ಮಾದರಿಯನ್ನು ಚೀಲದ ಬಾಯಿಂದಲ್ಲ, ನಡುವಿನಿಂದ ತೆಗೆಯಲು ನೀವೇ ಹೇಳಿ. ಬೆರೆಸಿದವನಿಗೆ ಹೀಗೆ ಹೇಳುವ ಧೈರ್ಯ ಬಾರದು.

3. ಪರೀಕ್ಷೆಯ ಸೌಲಭ್ಯವಿರುವ ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆಯೇ ಗುಣಮಟ್ಟ, ತೇವಾಂಶ ಅಳೆಸಿ. 1937ರ ಕಾಯಿದೆಯಡಿ ಬಂದ ಆಗ್‌ಮಾರ್ಕ್ ವರ್ಗೀಕರಣದ ಉದ್ದೇಶವೂ ಇದೇ.

4. ಊರಿನವರು ಕೂಡಿ ಒಂದೇ ಗುರುತಿನಲ್ಲಿ ಮಾರಿ. ನಾಲ್ಕಾರು ಚೀಲ ತರುವ ಒಬ್ಬ ರೈತನನ್ನು ವ್ಯಾಪಾರಿ ಮರೆಯಬಹುದು. ವರ್ಷ ವರ್ಷವೂ ಬರುವ ಊರಿನ ಗುರುತನ್ನು ಮರೆಯುವುದಿಲ್ಲ. ಆದರೆ ಒಬ್ಬ ಬೆರೆಸಿದರೂ ಎಲ್ಲರ ಹೆಸರು ಕೆಡುತ್ತದೆ. ಆದ್ದರಿಂದ ಪ್ರತಿ ಚೀಲವನ್ನೂ ನೋಡಿಯೇ ಗುರುತು ಹಾಕುವುದೆಂದು ಮೊದಲೇ ಕಟ್ಟುಪಾಡು ಮಾಡಿಕೊಳ್ಳಿ.

ಬೀಜ ಕೊಳ್ಳುವಾಗ ನೀವೇ ಗಿರಾಕಿ. ಅಂಗಡಿಯವನ ಮಾತನ್ನಷ್ಟೇ ನಂಬಬೇಡಿ. ಪ್ರಮಾಣಿತ ಬೀಜದ ನೀಲಿ ಚೀಟಿ ನೋಡಿ, ರಸೀದಿ ಪಡೆಯಿರಿ, ಚೀಲ ಮತ್ತು ಚೀಟಿಯನ್ನು ಕೊಯ್ಲಿನವರೆಗೆ ಜೋಪಾನವಾಗಿಡಿ. ಬೆಳೆ ಕೆಟ್ಟರೆ ದೂರಿಗೆ ಅವೇ ಆಧಾರ.