ಹಿಂದಿನ ಪಂದ್ಯವೇ ಮುಂದಿನ ಪಂದ್ಯದ ಗುರು

ಆಲೂಗಡ್ಡೆಯ ಬೆಳೆಗೆ ಹೆಸರಾದ ಹಾಸನ ಸೀಮೆಯಲ್ಲಿ ಹೋದ ವರ್ಷದ ಹೊಲವೇ ರೈತನಿಗೆ ಈ ವರ್ಷದ ಪಾಠಶಾಲೆ. ಅಂಗಮಾರಿ ರೋಗ ತಗುಲಿ ಬೆಳೆ ನೆಲಕಚ್ಚಿದ ಮರುವರ್ಷ ಆತನು ಬಿತ್ತನೆಗೆಡ್ಡೆಯನ್ನು ಹತ್ತು ಕಡೆ ವಿಚಾರಿಸಿ ತರುತ್ತಾನೆ. ನೀರು ನಿಲ್ಲುವ ತಗ್ಗನ್ನು ಸರಿಪಡಿಸುತ್ತಾನೆ. ಮೋಡ ಮುಸುಕಿದ ದಿನಗಳಲ್ಲಿ ಎಲೆಯ ಬೆನ್ನನ್ನು ತಿರುಗಿಸಿ ನೋಡುತ್ತಾನೆ. ಹಾಳಾದ ಬೆಳೆಯನ್ನು ನೆನೆದು ಬೇಸಾಯವನ್ನು ತೊರೆಯುವುದಿಲ್ಲ; ಅದು ಏಕೆ ಹಾಳಾಯಿತೆಂಬುದನ್ನು ಮರೆಯುವುದೂ ಇಲ್ಲ. ಹೊಳೆನರಸೀಪುರದ ಬಳಿಯ ಹರದನಹಳ್ಳಿಯಿಂದ ಅರಕಲಗೂಡು, ಚನ್ನರಾಯಪಟ್ಟಣಗಳವರೆಗೆ ಯಾವ ಒಕ್ಕಲು ಮನೆಗೆ ಹೋದರೂ ಈ ವಿವೇಕ ಕಾಣಸಿಗುತ್ತದೆ.

ಆದರೆ ಅದೇ ಮನೆಯ ಬಾಲಕನು ಶಾಲೆಯ ಪಂದ್ಯದಲ್ಲಿ ಸೋತು ಬಂದನೆನ್ನಿ, ಈ ವಿವೇಕ ಎಲ್ಲಿ ಅಡಗುವುದೋ ತಿಳಿಯದು. “ಸೋತದ್ದಾಯಿತಲ್ಲ, ಇನ್ನು ಆಟ ಸಾಕು, ಪುಸ್ತಕ ಹಿಡಿ” ಎಂದು ತಂದೆ ಗದರುತ್ತಾರೆ. “ಹೋಗಲಿ ಬಿಡಪ್ಪ, ಅದನ್ನು ಮರೆತುಬಿಡು” ಎಂದು ತಾಯಿ ಸಂತೈಸುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೂ ಆ ಪಂದ್ಯ ಕಲಿಸಬಹುದಾಗಿದ್ದ ಪಾಠವು ಎರಡು ರೀತಿಯಿಂದಲೂ ಮಗುವಿನ ಕೈತಪ್ಪುತ್ತದೆ. ಹಿಂದಿನ ಪಂದ್ಯವನ್ನು ಹೇಗೆ ಓದಬೇಕು, ಓದಿದ್ದನ್ನು ಮುಂದಿನ ಪಂದ್ಯಕ್ಕೆ ಹೇಗೆ ಅಳವಡಿಸಬೇಕು ಎಂಬುದನ್ನು ಕಾಲ್ಚೆಂಡಿನ ಇತಿಹಾಸದ ಕೆಲವು ನಿದರ್ಶನಗಳಿಂದ ತಿಳಿಯುವುದು ಈ ಲೇಖನದ ಉದ್ದೇಶ.

ಕಾಲ್ಚೆಂಡು ನಮ್ಮ ನಾಡಿಗೆ ಪರಕೀಯವೇನಲ್ಲ. ಅಂದಿನ ಮೈಸೂರು ರಾಜ್ಯದ ತಂಡವು ರಾಷ್ಟ್ರೀಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. 1968-69ರ ಗೆಲುವಿನ ಬಳಿಕ 54 ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕವು ಆ ಪ್ರಶಸ್ತಿಯನ್ನು ಮರಳಿ ತಂದಿತು. ಹೀಗಿದ್ದರೂ ಈ ಆಟದ ಒಳಗಿನ ವಿಚಾರಶಕ್ತಿ ನಮ್ಮ ಗ್ರಾಮೀಣ ಕುಟುಂಬಗಳಿಗೆ ಹೆಚ್ಚು ಪರಿಚಿತವಲ್ಲ. ಹನ್ನೊಂದು ಜನ ಒಂದು ಚೆಂಡಿನ ಹಿಂದೆ ಓಡುವುದಷ್ಟೇ ಹೊರಗಿನ ಕಣ್ಣಿಗೆ ಕಾಣುತ್ತದೆ. ಆ ಓಟದ ಹಿಂದೆ ಕಳೆದ ಪಂದ್ಯದ ನೆನಪೂ ಮುಂಬರುವ ಎದುರಾಳಿಯ ಅಧ್ಯಯನವೂ ಇರುತ್ತವೆ.

ಜಕಾರ್ತದ ಎರಡು ಪಂದ್ಯಗಳು

1962ರ ಏಷ್ಯನ್ ಕ್ರೀಡಾಕೂಟ ಇಂಡೊನೇಷ್ಯದ ಜಕಾರ್ತದಲ್ಲಿ ನಡೆಯಿತು. ಭಾರತ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ನಾಯಕರು ಚುನಿ ಗೋಸ್ವಾಮಿ. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ 2-0ಯಿಂದ ಸೋತಿತು. ಅನಂತರ ಥಾಯ್ಲೆಂಡ್ ತಂಡವನ್ನು ಸೋಲಿಸಿತಾದರೂ ಆ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಸೋಲಿನ ಮೇಲೆ ಗಾಯವೂ ಸೇರಿದಾಗ ಎದೆಗುಂದುವುದು ಸಹಜ.

ರಹೀಮ್ ಸಾಹೇಬರು ತಮ್ಮ ಬಳಿ ಉಳಿದಿರುವುದೇನೆಂದು ಲೆಕ್ಕ ಹಾಕಿದರು. ತಲೆಗೆ ಗಾಯವಾದವನು ಹಿಂದೆ ನಿಂತು ಎತ್ತರದ ಚೆಂಡುಗಳನ್ನು ತಲೆಯಿಂದ ತಡೆಯುತ್ತಲೇ ಇರುವುದು ಕಷ್ಟ. ಆದರೆ ಜರ್ನೈಲರ ದೇಹಬಲ ಎಲ್ಲಿಗೂ ಹೋಗಿರಲಿಲ್ಲ. ತಾರುಣ್ಯದಲ್ಲಿ ಮುನ್ನಡೆಯಲ್ಲಿ ಆಡಿದ ಅಭ್ಯಾಸವೂ ಅವರಿಗಿತ್ತು. ಆದ್ದರಿಂದ ರಹೀಮರು ಆ ರಕ್ಷಣಾ ಆಟಗಾರನನ್ನು ಮುಂಚೂಣಿಗೆ ಕಳುಹಿಸಿದರು. ದಕ್ಷಿಣ ವಿಯಟ್ನಾಂ ವಿರುದ್ಧದ ಉಪಾಂತ್ಯ ಪಂದ್ಯವನ್ನು 3-2ರಿಂದ ಗೆದ್ದ ಭಾರತ ಅಂತಿಮ ಪಂದ್ಯಕ್ಕೆ ಬಂದಾಗ ಎದುರು ನಿಂತದ್ದು ಅದೇ ಕೊರಿಯ.

1962ರ ಸೆಪ್ಟೆಂಬರ್ 4ರಂದು ನಡೆದ ಆ ಪಂದ್ಯದಲ್ಲಿ ಕೊರಿಯದವರು ಎದುರಿಸಿದ ಭಾರತ ತಂಡ ಅವರು ಹಿಂದೆ ಸೋಲಿಸಿದ ತಂಡವಾಗಿರಲಿಲ್ಲ. ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಕೆಲವೇ ನಿಮಿಷಗಳಲ್ಲಿ, ತಲೆಗೆ ಗಾಯವಾಗಿದ್ದ ಜರ್ನೈಲ್ ಸಿಂಗರು ಎರಡನೆಯ ಗೋಲು ಹೊಡೆದರು. ಕೊನೆಯ ಘಳಿಗೆಯಲ್ಲಿ ಕೊರಿಯ ಒಂದು ಗೋಲು ಮರಳಿಸಿತಾದರೂ 2-1ರಿಂದ ಚಿನ್ನದ ಪದಕ ಭಾರತದ ಪಾಲಾಯಿತು. ಪ್ರೇಕ್ಷಕರಲ್ಲಿ ಬಹುಪಾಲು ಜನ ಭಾರತಕ್ಕೆ ವಿರೋಧವಾಗಿದ್ದ ಕ್ರೀಡಾಂಗಣದಲ್ಲಿ ದೊರೆತ ಜಯವಿದು. ಅನಾರೋಗ್ಯದಲ್ಲಿಯೇ ತಂಡವನ್ನು ಮುನ್ನಡೆಸಿದ್ದ ರಹೀಮರು ಮರುವರ್ಷವೇ ಕ್ಯಾನ್ಸರಿನಿಂದ ನಿಧನರಾದರು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ಮತ್ತೆ ಚಿನ್ನ ದೊರೆತಿಲ್ಲ.

ಗೆದ್ದವರಿಗೆ ಕಾಣದೆ ಹೋದದ್ದು

ಸೋತವನಿಗೆ ಪಾಠ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಗೆದ್ದವನಿಗೆ ಅದು ಇನ್ನೂ ಹೆಚ್ಚು ಬೇಕೆಂಬುದಕ್ಕೆ 1954ರ ವಿಶ್ವಕಪ್ ಸಾಕ್ಷಿ. ಸ್ವಿಟ್ಜರ್ಲೆಂಡಿನಲ್ಲಿ ನಡೆದ ಆ ಸ್ಪರ್ಧೆಯ ಆರಂಭದ ಹಂತದಲ್ಲಿ ಹಂಗೇರಿಯು ಪಶ್ಚಿಮ ಜರ್ಮನಿಯನ್ನು 8-3ರಿಂದ ಸೋಲಿಸಿತು. ವರ್ಷಗಟ್ಟಲೆ ಸೋಲನ್ನೇ ಕಾಣದಿದ್ದ ತಂಡ ಹಂಗೇರಿಯದು. ಆದರೆ ಜರ್ಮನಿಯ ತರಬೇತುದಾರ ಸೆಪ್ ಹೆರ್ಬರ್ಗರ್ ಅಂದು ತನ್ನ ಮುಖ್ಯ ಆಟಗಾರರಲ್ಲಿ ಹಲವರನ್ನು ಕಣಕ್ಕಿಳಿಸಿಯೇ ಇರಲಿಲ್ಲ. ಈ ಪಂದ್ಯ ಸೋತರೂ ತುರ್ಕಿಯನ್ನು ಮತ್ತೊಮ್ಮೆ ಸೋಲಿಸಿ ಮುಂದಿನ ಹಂತಕ್ಕೆ ಹೋಗಲು ಅವಕಾಶವಿತ್ತು, ಹಾಗೆಯೇ ಆಯಿತು. ಎಂಟು ಗೋಲು ಹೊಡೆದ ಹಂಗೇರಿಗೆ ಜರ್ಮನಿಯ ನಿಜವಾದ ಬಲ ಎಷ್ಟೆಂಬುದು ಕಾಣಲೇ ಇಲ್ಲ. ಹಂಗೇರಿಯ ಬಲ ಎಲ್ಲಿದೆ ಎಂಬುದು ಜರ್ಮನಿಗೆ ಚೆನ್ನಾಗಿ ಕಂಡಿತು.

ಜುಲೈ 4ರಂದು ಬರ್ನ್ ನಗರದಲ್ಲಿ ಅಂತಿಮ ಪಂದ್ಯ. ಮಳೆ ಸುರಿಯುತ್ತಿತ್ತು. ಮೊದಲ ಎಂಟು ನಿಮಿಷಗಳಲ್ಲಿಯೇ ಹಂಗೇರಿ ಎರಡು ಗೋಲು ಹೊಡೆದು ಮುಂದಿತ್ತು. ಆದರೆ ಈ ಸಲ ಸಿದ್ಧತೆ ಬೇರೆಯಾಗಿತ್ತು. ಹಿಂದಿನ ಪಂದ್ಯದಲ್ಲಿ ಎರಡು ಗೋಲು ಹೊಡೆದಿದ್ದ ಹಿದೆಗ್‌ಕುಟಿಯ ಬೆನ್ನಿಗೆ ಹೋರ್ಸ್ಟ್ ಎಕೆಲ್ ಎಂಬ ಆಟಗಾರ ನೆರಳಿನಂತೆ ಅಂಟಿಕೊಂಡಿದ್ದನು. ಕೆಸರಿನಲ್ಲಿ ಜಾರದಂತೆ ಜರ್ಮನರ ಪಾದರಕ್ಷೆಗಳಿಗೆ ತಿರುಗಿಸಿ ಕೂಡಿಸುವ ಉದ್ದ ಮೊಳೆಗಳಿದ್ದವು. 8-3ರ ಪಂದ್ಯದಲ್ಲಿ ಗಾಯಗೊಂಡಿದ್ದ ಹಂಗೇರಿಯ ನಾಯಕ ಪುಷ್ಕಾಶ್ ಪೂರ್ತಿ ಚೇತರಿಸಿಕೊಳ್ಳದೆಯೇ ಆಡಿದ್ದನು. ಕೊನೆಗೆ ಜರ್ಮನಿ 3-2ರಿಂದ ವಿಶ್ವಕಪ್ ಎತ್ತಿಹಿಡಿಯಿತು. ಅಂಕಪಟ್ಟಿಯಲ್ಲಿ ಕಾಣುವ ಗೆಲುವು ಒಂದು, ಅದರ ಒಳಗಿರುವ ಸತ್ಯ ಮತ್ತೊಂದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಂಠೀರವ ಕ್ರೀಡಾಂಗಣದ ಅನುಭವ

ದೂರದ ನಿದರ್ಶನಗಳಾದವು, ಈಗ ನಮ್ಮ ನಾಡಿನದೇ ಒಂದು ಪ್ರಸಂಗಕ್ಕೆ ಬರೋಣ. 2016ರಲ್ಲಿ ಏಷ್ಯದ ಕ್ಲಬ್ಬುಗಳ ಎ.ಎಫ್.ಸಿ. ಕಪ್ ಸ್ಪರ್ಧೆಯಲ್ಲಿ ಬೆಂಗಳೂರು ಎಫ್.ಸಿ. ತಂಡವು ಉಪಾಂತ್ಯ ತಲುಪಿತು. ಎದುರಾಳಿ ಹಿಂದಿನ ವರ್ಷದ ವಿಜೇತ, ಮಲೇಷ್ಯದ ಜೊಹೋರ್ ತಂಡ. ಆ ಹಂತದಲ್ಲಿ ಒಬ್ಬರ ಊರಿನಲ್ಲಿ ಒಂದು, ಮತ್ತೊಬ್ಬರ ಊರಿನಲ್ಲಿ ಇನ್ನೊಂದು, ಹೀಗೆ ಎರಡು ಪಂದ್ಯಗಳು. ಎರಡರ ಗೋಲುಗಳನ್ನೂ ಕೂಡಿಸಿ ಫಲ ನಿರ್ಣಯಿಸುತ್ತಾರೆ. ಒಟ್ಟು ಗೋಲು ಸಮನಾದರೆ ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ ಹೋಗುವ ನಿಯಮ ಆಗ ಜಾರಿಯಲ್ಲಿತ್ತು.

ಮಲೇಷ್ಯದಲ್ಲಿ ಮೊದಲ ಪಂದ್ಯ 1-1ರಿಂದ ಸಮವಾಯಿತು. ಯೂಜೆನ್ಸನ್ ಲಿಂಗ್ಡೊ ಹೊಡೆದ ಆ ಒಂದು ಗೋಲು ಮುಂದಿನ ಪಂದ್ಯದ ಸ್ವರೂಪವನ್ನೇ ಬದಲಿಸಿತು. ಬೆಂಗಳೂರಿನಲ್ಲಿ ಗೋಲಿಲ್ಲದೆ ಪಂದ್ಯ ಸಮವಾದರೂ ಬೆಂಗಳೂರು ತಂಡ ಮುಂದಕ್ಕೆ. ಆದ್ದರಿಂದ ಆಕ್ರಮಣಕ್ಕೆ ಬರಲೇಬೇಕಾದ ಹೊಣೆ ಜೊಹೋರ್ ತಂಡದ ಮೇಲೆ ಬಿತ್ತು. ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಹನ್ನೊಂದನೆಯ ನಿಮಿಷದಲ್ಲಿಯೇ ಜೊಹೋರ್ ಗೋಲು ಹೊಡೆದು ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಆದರೂ ಬೆಂಗಳೂರಿನವರು ಧೃತಿಗೆಡಲಿಲ್ಲ. ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು 3-1ರ ಜಯ ತಂದರು. ಭಾರತದ ಕ್ಲಬ್ಬೊಂದು ಆ ಸ್ಪರ್ಧೆಯ ಅಂತಿಮ ಹಂತ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತದ್ದು ನಿಜ. ಹಿಂದಿನ ಪಂದ್ಯವನ್ನು ಓದಬಲ್ಲವನು ಎಂದೂ ಸೋಲುವುದಿಲ್ಲ ಎಂಬ ಭರವಸೆಯನ್ನು ಯಾವ ಆಟವೂ ಕೊಡುವುದಿಲ್ಲ.

ಇದೇ ತಂಡದ ಮತ್ತೊಂದು ಪ್ರಸಂಗ ಇನ್ನೂ ಮನನೀಯವಾದುದು. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್ ಸ್ಪರ್ಧೆಯ ಅಂತಿಮ ಪಂದ್ಯ ಬೆಂಗಳೂರಿನಲ್ಲಿಯೇ ನಡೆಯಿತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದಿದ್ದ ಬೆಂಗಳೂರು ತಂಡ ತನ್ನದೇ ಅಭಿಮಾನಿಗಳ ಎದುರು ಮೊದಲ ಗೋಲನ್ನೂ ಹೊಡೆಯಿತು. ಆದರೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವಿಸ್ ಎರಡು ಸಲ ಕಾರ್ನರ್ ಒದೆತದಿಂದ ಬಂದ ಚೆಂಡನ್ನು ತಲೆಯಿಂದ ಗೋಲಿಗೆ ಅಟ್ಟಿದರು. ಪಂದ್ಯ 3-2ರಿಂದ ಚೆನ್ನೈ ಪಾಲಾಯಿತು. ಇಡೀ ವರ್ಷದ ಶ್ರಮ ಒಂದು ಸಂಜೆಯಲ್ಲಿ ಕರಗಿಹೋಯಿತು.

ಆಗ ಸಹಾಯಕ ತರಬೇತುದಾರರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರಿಗೇ ಮುಂದಿನ ವರ್ಷ ತಂಡದ ಹೊಣೆ ದೊರೆಯಿತು. ಸೋಲನ್ನು ಹತ್ತಿರದಿಂದ ಕಂಡವರ ಕೈಗೇ ಮುಂದಿನ ಸಿದ್ಧತೆ ಬಂದಿತು. ಆ ಸಲ ಉಪಾಂತ್ಯದ ಮೊದಲ ಪಂದ್ಯವನ್ನು ಗುವಾಹಟಿಯಲ್ಲಿ 2-1ರಿಂದ ಸೋತ ಬೆಂಗಳೂರು ಮರುಪಂದ್ಯವನ್ನು ತನ್ನ ಊರಿನಲ್ಲಿ 3-0ಯಿಂದ ಗೆದ್ದಿತು. 2019ರ ಮಾರ್ಚ್ 17ರಂದು, ಅಂದರೆ ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಗೋವಾ ತಂಡದೊಡನೆ ಅಂತಿಮ ಪಂದ್ಯ ನಡೆಯಿತು. ತೊಂಬತ್ತು ನಿಮಿಷಗಳಲ್ಲಿ ಗೋಲಾಗಲಿಲ್ಲ. ಹೆಚ್ಚುವರಿ ಅವಧಿಯ ಕೊನೆಯ ನಿಮಿಷಗಳಲ್ಲಿ ರಕ್ಷಣಾ ಆಟಗಾರ ರಾಹುಲ್ ಭೆಕೆ, ಕಾರ್ನರ್ ಒದೆತದಿಂದ ಬಂದ ಚೆಂಡಿಗೆ ತಲೆಯೊಡ್ಡಿ ಗೋಲು ಹೊಡೆದರು. ಹಿಂದಿನ ವರ್ಷ ಪ್ರಶಸ್ತಿಯನ್ನು ಕಸಿದುಕೊಂಡ ಅದೇ ಬಗೆಯ ಒದೆತ ಈ ವರ್ಷ ಪ್ರಶಸ್ತಿಯನ್ನು ತಂದಿತು.

ಓದುವ ಕ್ರಮ

ಹಾಗಾದರೆ ಹಿಂದಿನ ಪಂದ್ಯದಲ್ಲಿ ನೋಡಬೇಕಾದುದೇನು? ಮೊದಲನೆಯದು, ಫಲವನ್ನೂ ಆಟವನ್ನೂ ಬೇರ್ಪಡಿಸುವುದು. ಚೆನ್ನಾಗಿ ಆಡಿಯೂ ಸೋಲಬಹುದು, ಕೆಟ್ಟದಾಗಿ ಆಡಿಯೂ ಗೆಲ್ಲಬಹುದು. ಎರಡನೆಯದು, ಗೋಲು ಎಲ್ಲಿಂದ ಬಂದಿತೆಂದು ಹುಡುಕುವುದು. ಗೋಲ್‌ಕೀಪರನ ಕೈಜಾರಿದ್ದು ಎಲ್ಲರಿಗೂ ಕಾಣುತ್ತದೆ; ಅದಕ್ಕೂ ಮುನ್ನ ನಡುಮೈದಾನದಲ್ಲಿ ಚೆಂಡನ್ನು ಕಳೆದುಕೊಂಡವನನ್ನು ಯಾರೂ ಗಮನಿಸುವುದಿಲ್ಲ. ಮೂರನೆಯದು, ಯಾರು ದಣಿದಿದ್ದಾರೆ, ಯಾರಿಗೆ ನೋವಾಗಿದೆ ಎಂದು ವಿಚಾರಿಸುವುದು. ನಾಲ್ಕನೆಯದು, ಎದುರಾಳಿಯೂ ಇದೇ ಪಂದ್ಯವನ್ನು ಓದುತ್ತಿದ್ದಾನೆಂಬ ಎಚ್ಚರ. ನಿನ್ನೆ ಫಲಿಸಿದ ತಂತ್ರಕ್ಕೆ ಅವನು ಇಂದು ಉತ್ತರ ಹುಡುಕಿಕೊಂಡೇ ಬರುತ್ತಾನೆ. ಕೊನೆಯದಾಗಿ, ಎಲ್ಲವನ್ನೂ ಒಮ್ಮೆಲೇ ಬದಲಿಸದಿರುವುದು. ಒಂದು ಸೋಲಿಗೆ ಇಡೀ ವ್ಯೂಹವನ್ನೇ ಒಡೆಯುವವನು, ಒಂದು ಪಾತಿಗೆ ರೋಗ ತಗುಲಿತೆಂದು ಇಡೀ ಹೊಲವನ್ನು ಅಗೆದು ಹಾಕಿದವನಂತೆ.

ಮನೆಯೇ ಅನುಭವ ಮಂಟಪವಾಗಲಿ

ಶರಣಬಂಧುಗಳಿಗೆ ಈ ಕ್ರಮ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಅನುಭವ ಮಂಟಪವು ಸೇರಿದಾಗ, ನಾನಾ ಕಾಯಕಗಳ ಸ್ತ್ರೀಪುರುಷರು ತಮ್ಮ ತಮ್ಮ ಅನುಭವವನ್ನು ಸಭೆಯ ಮುಂದಿಟ್ಟು ಒರೆಗೆ ಹಚ್ಚಿ ನೋಡುತ್ತಿದ್ದರು. ಅಲ್ಲಿ ಪ್ರಶ್ನೆಗೆ ಅಂಜಿಕೆಯಿರಲಿಲ್ಲ, ಉತ್ತರಕ್ಕೆ ಜಾತಿಯ ಮೇಲುಕೀಳಿರಲಿಲ್ಲ. ಅನುಭವವು ತಾನಾಗಿಯೇ ಅರಿವಾಗುವುದಿಲ್ಲ. ನಿರ್ಭಯವಾಗಿ ವಿಚಾರಿಸಿದಾಗ ಮಾತ್ರ ಅರಿವಾಗುತ್ತದೆ, ಆಚಾರಕ್ಕೆ ಇಳಿದಾಗ ಸಾರ್ಥಕವಾಗುತ್ತದೆ.

ನಮ್ಮ ಮಕ್ಕಳಿಗೂ ಅಂತಹದೊಂದು ಸಣ್ಣ ಮಂಟಪ ಮನೆಯಲ್ಲಿಯೇ ಬೇಕು. ಆಟವಾಗಲಿ, ಪರೀಕ್ಷೆಯಾಗಲಿ, ಸೋತು ಬಂದ ದಿನವೇ ವಿಚಾರಣೆ ಬೇಡ. ಮೊದಲು ಕೈಕಾಲು ತೊಳೆದು ಊಟ ಮಾಡಲಿ, ನಿದ್ದೆ ಮಾಡಲಿ. ಮರುದಿನ ಪೂಜೆ, ಪ್ರಸಾದಗಳಾದ ಮೇಲೆ ಹತ್ತಿರ ಕೂರಿಸಿಕೊಂಡು, “ಎಲ್ಲಿ ಕೈತಪ್ಪಿತು ಮಗು? ನಿನಗೆ ಏನನ್ನಿಸುತ್ತದೆ?” ಎಂದು ಕೇಳೋಣ. ಉತ್ತರವನ್ನು ಅವನೇ ಹುಡುಕಲಿ. ಹೆಣ್ಣುಮಗಳಾದರೆ ಅವಳೇ ಹುಡುಕಲಿ. ಗೆದ್ದು ಬಂದ ದಿನವೂ ಇದೇ ಪ್ರಶ್ನೆಯನ್ನು ಕೇಳುವ ವಾಡಿಕೆಯಾದರೆ, ಸೋತ ದಿನ ಅದು ಆಪಾದನೆಯಂತೆ ಕೇಳಿಸದು. ಗೆಲುವಿನಲ್ಲಿ ಬೀಗದ, ಸೋಲಿನಲ್ಲಿ ಬಾಗದ ಸಮಚಿತ್ತವನ್ನು ಶರಣರು ಬದುಕಿ ತೋರಿಸಿದ್ದಾರೆ. ಆಟದ ಮೈದಾನವು ಅದನ್ನು ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿಸುತ್ತದೆ.

ಒಂದು ಪಂದ್ಯ ಸೋತರೆ ಕಳೆದುಹೋಗುವುದು ಒಂದು ಬಟ್ಟಲು. ಆ ಸೋಲನ್ನು ಹೇಳಿಕೊಳ್ಳಲು ಮನೆಯಲ್ಲಿಯೇ ಅಂಜುವ ಮಗು ಮುಂದೆ ಬಾಳಿನ ದೊಡ್ಡ ಸೋಲುಗಳನ್ನೂ ಯಾರಿಗೂ ಹೇಳದೆ ಒಳಗೇ ನುಂಗುತ್ತದೆ. ಹೋದ ವರ್ಷದ ಹೊಲವನ್ನು ಇಷ್ಟು ಚೆನ್ನಾಗಿ ಓದಬಲ್ಲ ನಮ್ಮ ಮನೆಗಳು ಮಕ್ಕಳ ಹಿಂದಿನ ಪಂದ್ಯವನ್ನೂ ಅವರೊಡನೆ ಕುಳಿತು ಓದುವಂತಾಗಲಿ.