ಹೆಗಲ ಭಾರ ಟೊಂಕಕ್ಕೆ

ಅಮೆರಿಕದ ಮೊಂಟಾನಾ, ಕೊಲರಾಡೊ ಬೆಟ್ಟಸಾಲುಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಎಲ್ಕ್ ಬೇಟೆ ಶುರು. ಎಲ್ಕ್ ನಮ್ಮ ಕಡವೆಯ ಬಳಗದ ಪ್ರಾಣಿ. ಬಲಿತ ಗಂಡು 300 ಕಿಲೋ ದಾಟುತ್ತದೆ. ಜೀಪು ಹೋಗದ ಕಣಿವೆಯಲ್ಲಿ ಅದನ್ನು ಉರುಳಿಸಿದವನ ಮುಂದೆ, ಮೂಳೆ ಬಿಡಿಸಿದ ಮೇಲೂ 90-100 ಕಿಲೋ ಮಾಂಸ ಉಳಿದಿರುತ್ತದೆ. ಬೇಕಾದಷ್ಟು ತೆಗೆದುಕೊಂಡು ಮಿಕ್ಕಿದ್ದನ್ನು ಬಿಟ್ಟು ಬರೋಣವೆಂದರೆ ಕಾನೂನು ಒಪ್ಪುವುದಿಲ್ಲ. ಅಲಾಸ್ಕಾದಲ್ಲಂತೂ ಮಾಂಸಕ್ಕಿಂತ ಮೊದಲು ಕೊಂಬು ಕಾಡಿನಿಂದ ಹೊರಬರುವಂತಿಲ್ಲ. ಕುದುರೆ ಇಲ್ಲದವನಿಗೆ ಬೆನ್ನೇ ಗತಿ. ಸಲಕ್ಕೆ 35-40 ಕಿಲೋದಂತೆ ಮೂರು ಸಲ ಓಡಾಡಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಇಂಥ ಬೇಟೆಯ ಮಾತೇ ಇಲ್ಲ, ಅದು ಒಳ್ಳೆಯದೇ ಆಯಿತು. ಆದರೂ ಆ ಬೇಟೆಗಾರರ ಬೆನ್ನುಚೀಲವನ್ನು ಒಂದು ಯಂತ್ರವೆಂದುಕೊಂಡು ಬಿಚ್ಚಿ ನೋಡುವುದರಲ್ಲಿ ಸ್ವಾರಸ್ಯವಿದೆ. ಚಾರಣಿಗನ ಚೀಲ ಊಟ ಖರ್ಚಾದಂತೆ ದಿನದಿಂದ ದಿನಕ್ಕೆ ಹಗುರಾಗುತ್ತದೆ. ಇವರದು ತದ್ವಿರುದ್ಧ. ಹೋಗುವಾಗ 15-20 ಕಿಲೋ ಇದ್ದದ್ದು, ಮೈಯೆಲ್ಲ ದಣಿದು ಹಿಂತಿರುಗುವ ಹೊತ್ತಿಗೆ ಅದರ ಎರಡರಷ್ಟಾಗುತ್ತದೆ. ಒಂದೇ ಚೀಲ ಎರಡು ಹೊರೆಗೂ ಒಗ್ಗಬೇಕು.

ಮನುಷ್ಯನ ಹೆಗಲು ಭಾರ ಹೊರಲು ಹೇಳಿ ಮಾಡಿಸಿದ್ದಲ್ಲ. ಹೆಗಲಪಟ್ಟಿಯ ಕೆಳಗೇ ತೋಳಿಗೆ ಹೋಗುವ ನರಗಳ ಕಟ್ಟು ಇದೆ. ಗಂಟೆಗಟ್ಟಲೆ ಅದನ್ನು ಒತ್ತಿದರೆ ತೋಳು ಜೋಮು ಹಿಡಿಯುತ್ತದೆ, ಕೆಲವರಿಗೆ ವಾರಗಟ್ಟಲೆ ಕೈ ಸೋತೇ ಇರುತ್ತದೆ. ಸೊಂಟದ ಮೂಳೆ ಹಾಗಲ್ಲ. ತುಂಬಿದ ಕೊಡವನ್ನು ನಮ್ಮ ಹೆಂಗಸರು ಕೂರಿಸುವುದು ಅದರ ಅಂಚಿನ ಮೇಲೆಯೇ. ಅಲ್ಲಿಂದ ಭಾರ ಬೆನ್ನುಮೂಳೆಯ ತಂಟೆಗೆ ಹೋಗದೆ ತೊಡೆಮೂಳೆಗೆ ಇಳಿಯುತ್ತದೆ.

ಇದನ್ನು ಚೀಲಕ್ಕೆ ಅಳವಡಿಸಲು ಬಹಳ ಕಾಲ ಹಿಡಿಯಿತು. 1920ರ ದಶಕದಲ್ಲಿ ಲಾಯ್ಡ್ ನೆಲ್ಸನ್ ಎಂಬಾತ ಅಲಾಸ್ಕಾದ ಮೂಲನಿವಾಸಿಗಳ ಹೊರೆಹಲಗೆಯನ್ನು ನೋಡಿ ಮರದ ಚೌಕಟ್ಟಿನ ಚೀಲ ಮಾಡಿದ. ಬೇಟೆಗಾರರು, ಅರಣ್ಯ ಸಿಬ್ಬಂದಿ ದಶಕಗಳ ಕಾಲ ಅದನ್ನೇ ಹೊತ್ತರು. ಭಾರ ಮಾತ್ರ ಹೆಗಲ ಮೇಲೆಯೇ ಉಳಿಯಿತು. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಬೆನ್ನಿನ ಬಾಗಿಗೆ ಹೊಂದುವ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟುಗಳನ್ನು ಮಾರತೊಡಗಿದ. ಚೀಲ ಹೊಲಿದವಳು ಹೆಂಡತಿ ನೀನಾ. ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದಾಗ ಹೆಗಲು ಹಗುರಾದದ್ದು ಕೆಲ್ಟಿಯ ಗಮನಕ್ಕೆ ಬಂದಿತ್ತು. ಅವನ ಸೊಂಟಪಟ್ಟಿ ಹುಟ್ಟಿದ್ದು ಆ ಜೇಬಿನಿಂದ.

ಪಟ್ಟಿಯೊಂದಿದ್ದರೆ ಸಾಲದು. ಮೇಲಿನ ಭಾರವನ್ನು ಕೆಳಕ್ಕೆ ದಾಟಿಸಲು ನಡುವೆ ಗಟ್ಟಿ ಕಂಬಿ ಬೇಕು. ಕಂಬಿ ಮೆತ್ತಗಿದ್ದರೆ 40 ಕಿಲೋಗೆ ಕುಸಿದು ಭಾರ ಮತ್ತೆ ಹೆಗಲಿಗೇ ಬೀಳುತ್ತದೆ. ಕಂಬಿ ಹೆಗಲಿಗಿಂತ ಅರ್ಧ ಗೇಣಾದರೂ ಎತ್ತರವಿದ್ದರೆ, ತುದಿಯಿಂದ ಹೆಗಲಪಟ್ಟಿಗೆ ಇಳಿಯುವ ಕಿರುಪಟ್ಟಿಯನ್ನು ಜಗ್ಗಿ ಚೀಲದ ತಲೆಯನ್ನು ಬೆನ್ನಿನ ಹತ್ತಿರಕ್ಕೆ ತರಬಹುದು. ಹತ್ತಿರ ಯಾಕೆ? 80 ಕಿಲೋ ಮನುಷ್ಯನ ಬೆನ್ನಿನ ಮೇಲೆ 40 ಕಿಲೋ ಹೊರೆ ಇದೆ ಎನ್ನೋಣ. ಹೊರೆ 10 ಸೆಂ.ಮೀ. ಹಿಂದೆ ಸರಿದರೆ, ಎರಡೂ ಸೇರಿದ ಗುರುತ್ವಕೇಂದ್ರ ಮೂರು ಸೆಂ.ಮೀ.ಗೂ ಹೆಚ್ಚು ಹಿಂದಕ್ಕೆ ಹೋಗುತ್ತದೆ. ಅದನ್ನು ಸರಿದೂಗಿಸಲು ಮುಂದಕ್ಕೆ ಬಾಗಿಯೇ ನಡೆಯಬೇಕು. ಜಾರುವ ಇಳಿಜಾರಿನಲ್ಲಿ ಆ ಮೂರು ಸೆಂ.ಮೀ. ಚಿಕ್ಕದಲ್ಲ.

ಬೇಟೆಚೀಲದ ಜಾಣ್ಮೆ ಇರುವುದೂ ಇಲ್ಲಿಯೇ. ಹಸಿಮಾಂಸ ಒಂದು ಕಡೆ ನಿಲ್ಲುವ ಸರಕಲ್ಲ. ಚೀಲದ ತಳಕ್ಕೆ ಜಾರಿ, ಜೋತು, ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಇವರ ಚೀಲವನ್ನು ಚೌಕಟ್ಟಿನಿಂದ ಬಿಡಿಸಿ ಹಿಂದಕ್ಕೆ ಸರಿಸಬಹುದು. ನಡುವಿನ ಜಾಗದಲ್ಲಿ, ಬೆನ್ನಿಗೆ ಒತ್ತಿದಂತೆ, ಮಾಂಸದ ಗಂಟನ್ನಿಟ್ಟು ಪಟ್ಟಿಗಳಿಂದ ಬಿಗಿಯುತ್ತಾರೆ. ಡೇರೆ, ಹಾಸಿಗೆಯಂಥ ಹಗುರ ಸಾಮಾನು ಹೊರಗಡೆ. ಹೋಗುವಾಗ ಆ ಜಾಗ ಮಡಚಿಕೊಂಡಿರುತ್ತದೆ. ಜೇಬು, ಜಿಪ್ಪುಗಳ ಲೆಕ್ಕಕ್ಕಿಂತ ಇದನ್ನು ಮೊದಲು ನೋಡಬೇಕು. ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಕೊಂಬೆಗೆ ತಗುಲಿದಾಗ ಸರಬರ ಸದ್ದು ಮಾಡುವಂಥದ್ದು ಬೇಡ.

ಅಳತೆಗೆ ಬಂದರೆ, ಮನುಷ್ಯನ ಎತ್ತರ ನಂಬುವಂಥದ್ದಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಯಬೇಕು. ವಯಸ್ಕರಲ್ಲಿ ಇದು ಹೆಚ್ಚಾಗಿ 40ರಿಂದ 53 ಸೆಂ.ಮೀ. ಆರಡಿ ಆಳಿಗೆ ಗಿಡ್ಡ ಬೆನ್ನಿರಬಹುದು. ಸೊಂಟಪಟ್ಟಿಯ ನಡುಭಾಗ ಮೂಳೆಯ ಅಂಚಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಉಸಿರಿಗೆ ತೊಡಕು, ಕೆಳಗೆ ಜಾರಿದರೆ ನರ ಒತ್ತಿ ತೊಡೆಯ ಹೊರಮೈ ಮರಗಟ್ಟುತ್ತದೆ.

ನಮ್ಮ ಚೀಲ ಶೇ. 80 ಭಾರವನ್ನು ಸೊಂಟಕ್ಕೆ ಇಳಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಅಮೆರಿಕದ ಸೇನಾ ಸಂಶೋಧಕರು ಕಂಬಿಯಿದ್ದ ಚೀಲವೊಂದನ್ನು ಅಳೆದು 2004ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ: ಕೆಳಬೆನ್ನಿಗೆ ಬಂದದ್ದು ಸುಮಾರು ಶೇ. 30, ಉಳಿದದ್ದು ಮೇಲ್ಬೆನ್ನಿಗೆ ಮತ್ತು ಹೆಗಲಿಗೆ. ಎಲ್ಲ ಚೀಲಗಳಿಗೂ ಇದೇ ಅಂಕಿ ಎನ್ನಲಾಗದು, ಆದರೆ ಜಾಹೀರಾತಿನ ಮಾತಿಗೆ ಇದೊಂದು ಲಗಾಮು. ಅಂಗಡಿಯಲ್ಲಿ ಖಾಲಿ ಚೀಲ ಯಾವುದಾದರೂ ಹಿತವೇ. 20-25 ಕಿಲೋ ಮರಳು ತುಂಬಿಸಿ, ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿದು, ಪಟ್ಟಿ ಎಷ್ಟು ಜಾರಿದೆ ನೋಡಬೇಕು.

ಕುಮಾರಪರ್ವತಕ್ಕೆ ಸಾಮಾನು ಹೊತ್ತು ಹೋಗುವ ನಮ್ಮವರು ಇಂಥ ಚೀಲಕ್ಕೆ ಆಸೆಪಡಬೇಕಿಲ್ಲ. ಖಾಲಿಯಿದ್ದಾಗಲೇ ಎರಡು ಕಿಲೋ ಮೀರುವ ಅದರ ಚೌಕಟ್ಟು ಹತ್ತು ಕಿಲೋ ಹೊರೆಗೆ ದಂಡ. ಬೆನ್ನಿನ ಅಳತೆ, ಸೊಂಟಪಟ್ಟಿ ಇವೆರಡು ಸರಿಯಿದ್ದರೆ ಬಾಡಿಗೆ ಚೀಲವೇ ಸಾಕು.